ಹಸಿರು ಬರಿಯ ಬಣ್ಣ, ಹೆಸರಲ್ಲ

ಈಚಿನ ವರ್ಷಗಳಲ್ಲಿ ಶಾಲಾ ಕಾಲೇಜುಗಳ ವಿಜ್ಞಾನ ಪ್ರದರ್ಶನಗಳಲ್ಲಿ ಒಂದು ಮಾದರಿ ಮತ್ತೆ ಮತ್ತೆ ಕಾಣಸಿಗುತ್ತದೆ. ಗಣಕಯಂತ್ರಕ್ಕೆ ಅಗ್ಗದ ವೆಬ್‌ಕ್ಯಾಮ್ ಒಂದನ್ನು ಜೋಡಿಸಿರುತ್ತಾರೆ. ಅದರ ಮುಂದೆ ಸಸಿಯೊಂದನ್ನು ಹಿಡಿದರೆ ಪರದೆಯ ಮೇಲೆ ಆ ಸಸಿಯ ಸುತ್ತ ಚೌಕಟ್ಟು ಮೂಡುತ್ತದೆ, ‘ಗಿಡ ಪತ್ತೆಯಾಗಿದೆ’ ಎಂಬ ಬರಹ ಹೊಳೆಯುತ್ತದೆ. ಇದರ ಹಿಂದಿರುವುದು ಇಪ್ಪತ್ತು ಮೂವತ್ತು ಸಾಲುಗಳ ಸರಳ ಪ್ರೋಗ್ರಾಂ. ಹಳ್ಳಿಯ ವಿದ್ಯಾರ್ಥಿಗಳು ತಾವೇ ಬರೆದು, ತಾವೇ ಓಡಿಸಿ ತೋರಿಸುವ ಈ ಕೆಲಸ ನಿಜಕ್ಕೂ ಮೆಚ್ಚತಕ್ಕದ್ದು. ಆದರೆ ಅದರ ಮೇಲೆ ತೂಗುಹಾಕಿದ ಫಲಕದಲ್ಲಿ ‘ಬಣ್ಣದಿಂದ ಸಸ್ಯಗಳನ್ನು ಗುರುತಿಸುವ ಯಂತ್ರ’ ಎಂದು ಬರೆದಿರುತ್ತದೆ. ಈ ಲೇಖನದ ತಕರಾರು ಆ ಫಲಕದ ‘ಗುರುತಿಸುವ’ ಎಂಬ ಒಂದು ಪದದೊಂದಿಗೆ.

ಒಂದು ಪದಕ್ಕಾಗಿ ಇಷ್ಟೇಕೆ ಜಗಳ ಎಂದು ಕೇಳಬಹುದು. ಪ್ರದರ್ಶನದ ಮೇಜಿನ ಮೇಲೆ ಆ ಪದದಿಂದ ಯಾರಿಗೂ ಹಾನಿಯಿಲ್ಲ. ಅದೇ ಪದ ಕಳೆನಾಶಕ ಸಿಂಪಡಿಸುವ ಯಂತ್ರದ ಮೇಲೆ, ರೋಗ ಪತ್ತೆಹಚ್ಚುವ ಸಲಹಾಪತ್ರದ ಮೇಲೆ, ಕಾಡಿನ ವಿಸ್ತೀರ್ಣ ಹೇಳುವ ವರದಿಯ ಮೇಲೆ ಬಂದು ಕುಳಿತಾಗ ನಮ್ಮ ತೋಟ, ನಮ್ಮ ಬೆಟ್ಟ, ನಮ್ಮ ಅಡುಗೆಮನೆ ಮೂರೂ ಅದರ ಪರಿಣಾಮವನ್ನು ಉಣ್ಣಬೇಕಾಗುತ್ತದೆ. ಆದ್ದರಿಂದ ಯಂತ್ರವು ಏನನ್ನು ಕಾಣುತ್ತದೆ, ಏನನ್ನು ಕಾಣಲಾರದು ಎಂಬುದನ್ನು ಮೊದಲು ತಿಳಿದುಕೊಳ್ಳುವುದು ಅಗತ್ಯ.

ಯಂತ್ರಕ್ಕೆ ಕಾಣುವುದು ಮೂರು ಅಂಕಿಗಳು

ವೆಬ್‌ಕ್ಯಾಮ್ ತೆಗೆದ ಚಿತ್ರವು ಲಕ್ಷಾಂತರ ಸಣ್ಣ ಚುಕ್ಕೆಗಳ ಸಮೂಹ. ಪ್ರತಿಯೊಂದು ಚುಕ್ಕೆಗೂ ಮೂರು ಅಂಕಿಗಳಿರುತ್ತವೆ: ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು. ಸಾಮಾನ್ಯವಾಗಿ ಪ್ರತಿಯೊಂದು ಅಂಕಿಯೂ 0ಯಿಂದ 255ರೊಳಗಿರುತ್ತದೆ. ಯಂತ್ರದ ಪಾಲಿಗೆ ಇಡೀ ಪ್ರಪಂಚವೆಂದರೆ ಈ ಅಂಕಿಗಳೇ.

ಎಲೆಯಲ್ಲಿರುವ ಪತ್ರಹರಿತ್ತು ದ್ಯುತಿಸಂಶ್ಲೇಷಣೆಗಾಗಿ ಬೆಳಕಿನ ಕೆಂಪು ಮತ್ತು ನೀಲಿ ಭಾಗಗಳನ್ನು ಹೆಚ್ಚಾಗಿ ಹೀರಿಕೊಂಡು, ಹಸಿರನ್ನು ಹೋಲಿಕೆಯಲ್ಲಿ ಹೆಚ್ಚಾಗಿ ಹಿಂದಕ್ಕೆ ಕಳಿಸುತ್ತದೆ. ಮಣ್ಣು ಹಾಗಲ್ಲ, ನಮ್ಮ ಕೆಮ್ಮಣ್ಣಿನಲ್ಲಂತೂ ಕೆಂಪಿನ ಅಂಕಿಯೇ ಮೇಲು. ಈ ವ್ಯತ್ಯಾಸವನ್ನು ಹಿಡಿಯಲು ಒಂದು ಸುಲಭ ಲೆಕ್ಕವಿದೆ. ಮೂರೂ ಅಂಕಿಗಳನ್ನು ಕೂಡಿಸಿ ಪ್ರತಿಯೊಂದರ ಪಾಲನ್ನು ತೆಗೆಯಬೇಕು. ಹಸಿರಿನ ಪಾಲನ್ನು ಎರಡರಿಂದ ಗುಣಿಸಿ, ಅದರಿಂದ ಕೆಂಪಿನ ಪಾಲನ್ನೂ ನೀಲಿಯ ಪಾಲನ್ನೂ ಕಳೆಯಬೇಕು. ಉದಾಹರಣೆಗೆ, ಎಲೆಯ ಮೇಲಿನ ಒಂದು ಚುಕ್ಕೆಯಲ್ಲಿ ಕೆಂಪು 70, ಹಸಿರು 130, ನೀಲಿ 50 ಎಂದಿಟ್ಟುಕೊಳ್ಳೋಣ. ಮೊತ್ತ 250. ಪಾಲುಗಳು ಕ್ರಮವಾಗಿ 0.28, 0.52 ಮತ್ತು 0.20. ಹಸಿರಿನ ಇಮ್ಮಡಿಯಾದ 1.04ರಿಂದ ಉಳಿದೆರಡನ್ನು ಕಳೆದರೆ 0.56 ಉಳಿಯುತ್ತದೆ. ಮಣ್ಣಿನ ಚುಕ್ಕೆಯಲ್ಲಿ ಕೆಂಪು 150, ಹಸಿರು 90, ನೀಲಿ 60 ಇದ್ದರೆ ಇದೇ ಲೆಕ್ಕಕ್ಕೆ ಬರುವ ಉತ್ತರ ಸೊನ್ನೆಗಿಂತಲೂ ಕೆಳಗಿನ -0.10. ಇವೆರಡರ ನಡುವೆ ಒಂದು ಗೆರೆ ಎಳೆದು, ಮೇಲಿನದು ಗಿಡ, ಕೆಳಗಿನದು ಮಣ್ಣು ಎಂದು ಹೇಳಿದರೆ ಪ್ರೋಗ್ರಾಂನ ಮುಖ್ಯ ಭಾಗ ಮುಗಿಯಿತು.

‘ಅಧಿಕ ಹಸಿರು ಸೂಚ್ಯಂಕ’ ಎನ್ನಬಹುದಾದ ಈ ಲೆಕ್ಕವನ್ನು ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಸಂಶೋಧಕರು 1995ರಲ್ಲಿ ಪ್ರಕಟಿಸಿದರು. ಅವರ ಪ್ರಬಂಧದ ಶೀರ್ಷಿಕೆಯಲ್ಲಿಯೂ ಕಳೆಯನ್ನು ಗುರುತಿಸುವ ಮಾತಿದೆ. ಆದರೆ ಸೂಚ್ಯಂಕವು ಮಾಡುವುದು ಜೀವಂತ ಸಸ್ಯವನ್ನು ಮಣ್ಣಿನಿಂದಲೂ ಒಣಕಸದಿಂದಲೂ ಬೇರ್ಪಡಿಸುವ ಕೆಲಸವನ್ನು. ‘ಇಲ್ಲಿ ಒಂದು ಗಿಡವಿದೆ’ ಎಂದು ಅದು ಹೇಳಬಲ್ಲದು. ‘ಇದು ಯಾವ ಗಿಡ’ ಎಂಬ ಪ್ರಶ್ನೆಗೆ ಆ ಲೆಕ್ಕದೊಳಗೆ ಉತ್ತರವೇ ಇಲ್ಲ.

ಬಯಲಿನಲ್ಲಿ ಸಲ್ಲುವುದು ಬೆಟ್ಟದಲ್ಲಿ ಸಲ್ಲದು

ಈ ವಿಧಾನ ನಿಷ್ಪ್ರಯೋಜಕವೆಂದು ಯಾರೂ ಭಾವಿಸಬಾರದು. ಆಸ್ಟ್ರೇಲಿಯದ ವಿಶಾಲ ಹೊಲಗಳಲ್ಲಿ ಬೆಳೆಯಿಲ್ಲದ ಕಾಲದಲ್ಲಿ ನೆಲವು ಒಣಕೂಳೆಯಿಂದ ಕಂದಾಗಿರುತ್ತದೆ. ಅಲ್ಲಿ ಹಸಿರಾಗಿ ಕಾಣುವುದೆಲ್ಲ ರೈತನ ಕಣ್ಣಿನಲ್ಲಿ ಕಳೆಯೇ. ಇಂಥ ಹೊಲಗಳಿಗಾಗಿ ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ‘ಓಪನ್‌ವೀಡ್‌ಲೊಕೇಟರ್’ ಎಂಬ ಸಾಧನವನ್ನು ರೂಪಿಸಿ 2022ರಲ್ಲಿ ಅದರ ವಿವರಗಳನ್ನು ಎಲ್ಲರಿಗೂ ಮುಕ್ತವಾಗಿ ಪ್ರಕಟಿಸಿದರು. ಅಂಗೈಯಗಲದ ರಾಸ್ಪ್‌ಬೆರಿ ಪೈ ಗಣಕ, ಒಂದು ಸಣ್ಣ ಕ್ಯಾಮೆರಾ, ಬಣ್ಣದ ಲೆಕ್ಕ ಮಾಡುವ ಪ್ರೋಗ್ರಾಂ, ಇವಿಷ್ಟೇ ಅದರ ಸಾಮಗ್ರಿ. ಹಸಿರು ಕಂಡಲ್ಲಿ ಮಾತ್ರ ಸಿಂಪರಣೆಯ ನಳಿಕೆ ತೆರೆಯುತ್ತದೆ. ಇಡೀ ಹೊಲಕ್ಕೆ ವಿಷ ಸುರಿಯುವುದಕ್ಕಿಂತ ಇದು ನಿಸ್ಸಂಶಯವಾಗಿ ಉತ್ತಮ. ಕಂದು ನೆಲದ ಮೇಲಿನ ಹಸಿರನ್ನು ಹುಡುಕುವ ಈ ಕೆಲಸದಲ್ಲಿ ಬಣ್ಣವೊಂದೇ ಸಾಕು, ಏಕೆಂದರೆ ಅಲ್ಲಿ ಪ್ರಶ್ನೆ ಇರುವುದೇ ಒಂದು.

ಈಗ ಅದೇ ಸಾಧನವನ್ನು ಆಷಾಢ ಮಾಸದ ಒಂದು ಅಡಿಕೆ ತೋಟದಲ್ಲಿ ಇಟ್ಟು ನೋಡೋಣ. ಇಲ್ಲಿ ಕಂದು ನೆಲವೆಲ್ಲಿದೆ? ಜಂಬಿಟ್ಟಿಗೆಯ ಗೋಡೆಯ ಮೇಲೆ ಹಾವಸೆ ಹಸಿರು. ಮರದ ಕಾಂಡದ ಮೇಲೆ ಕಾಳುಮೆಣಸಿನ ಬಳ್ಳಿ ಹಸಿರು. ಬುಡದಲ್ಲಿ ಏಲಕ್ಕಿ, ಬಾಳೆ, ಕೆಸು. ಕಾಲುವೆಯಂಚಿನಲ್ಲಿ ಒಂದೆಲಗ, ಹೊನಗೊನ್ನೆ, ಗರುಗ. ಇವುಗಳ ನಡುವೆ ನಿಜವಾಗಿಯೂ ಉಪದ್ರವ ಕೊಡುವ ಯುಪಟೋರಿಯಂ ಕೂಡ ಹಸಿರೇ. ಸೂಚ್ಯಂಕದ ಲೆಕ್ಕದಲ್ಲಿ ಇವೆಲ್ಲವೂ ಗೆರೆಯ ಮೇಲೆಯೇ ನಿಲ್ಲುತ್ತವೆ.

ಇದರ ವಿರುದ್ಧ ದಿಕ್ಕಿನ ತೊಂದರೆಯೂ ಇದೆ. ನಮ್ಮ ಕಾಡಿನ ಅನೇಕ ಮರಗಳ ಎಳೆಯ ಚಿಗುರು ಹಸಿರಾಗಿರುವುದಿಲ್ಲ. ನಾಗಸಂಪಿಗೆಯ ಚಿಗುರು ಕಡುಗೆಂಪು, ಮಾವಿನದು ತಾಮ್ರವರ್ಣ, ದಾಲ್ಚಿನ್ನಿಯದೂ ಕೆಂಪೇ. ಹಸಿರನ್ನಷ್ಟೇ ಬಲ್ಲ ಯಂತ್ರದ ಲೆಕ್ಕದಲ್ಲಿ ಚಿಗುರಿದ ನಾಗಸಂಪಿಗೆ ಆ ಕೆಲವು ದಿನಗಳ ಮಟ್ಟಿಗೆ ಗಿಡವೇ ಅಲ್ಲ! ಇನ್ನು ಮಳೆನೀರಿನಿಂದ ಹೊಳೆಯುವ ಎಲೆ ಬಿಳಿಯಾಗಿಯೂ, ದಟ್ಟ ನೆರಳಿನ ಎಲೆ ಕಪ್ಪಾಗಿಯೂ ಚಿತ್ರದಲ್ಲಿ ಮೂಡುತ್ತವೆ. ಮೋಡ ಸರಿದು ಬಿಸಿಲು ಬಿದ್ದರೆ ವೆಬ್‌ಕ್ಯಾಮ್ ತಾನಾಗಿಯೇ ಬಣ್ಣದ ಹದವನ್ನು ಬದಲಿಸಿಕೊಳ್ಳುತ್ತದೆ. ಮುಂಜಾನೆ ಎಳೆದ ಗೆರೆ ಮಧ್ಯಾಹ್ನಕ್ಕೆ ತಪ್ಪುತ್ತದೆ. ಬಿಸಿಲು ನೆರಳುಗಳು ಕ್ಷಣಕ್ಷಣಕ್ಕೆ ಅದಲುಬದಲಾಗುವ ಮಲೆನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ಬಣ್ಣವನ್ನು ನಂಬಿ ಹೆಸರಿಡಬಾರದೆಂಬುದು ಸಸ್ಯಶಾಸ್ತ್ರದ ಹಳೆಯ ಪಾಠ. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1751ರಲ್ಲಿ ಪ್ರಕಟಿಸಿದ ‘ಫಿಲಾಸೊಫಿಯಾ ಬೊಟಾನಿಕಾ’ ಗ್ರಂಥದಲ್ಲಿ, ಪ್ರಭೇದಗಳನ್ನು ಬೇರ್ಪಡಿಸಲು ಬಣ್ಣವು ನಂಬತಕ್ಕ ಲಕ್ಷಣವಲ್ಲವೆಂದು ವಾದಿಸಿದ್ದ. ನಮ್ಮ ಹಿರಿಯರೂ ಇದನ್ನು ಬೇರೆ ದಾರಿಯಿಂದ ಬಲ್ಲರು. ಅಜ್ಜಿಯೊಬ್ಬಳು ಔಷಧದ ಸೊಪ್ಪನ್ನು ಹುಡುಕುವಾಗ ಎಲೆಯನ್ನು ಹಿಸುಕಿ ಮೂಸುತ್ತಾಳೆ, ತೊಟ್ಟು ಮುರಿದು ಹಾಲು ಬರುತ್ತದೆಯೇ ನೋಡುತ್ತಾಳೆ, ಕಾಂಡವನ್ನು ಬೆರಳಿನಿಂದ ಸವರುತ್ತಾಳೆ, ಅದು ನೀರಿನಂಚಿನದೋ ಬೇಣದ್ದೋ ಎಂದು ಗಮನಿಸುತ್ತಾಳೆ. ಇವೆಲ್ಲದರ ಒಟ್ಟು ಹೆಸರು ಗುರುತಿಸುವುದು.

ರೈತರೂ ಬಣ್ಣವನ್ನು ಬಳಸಿದ್ದರು

ಬಣ್ಣದ ನೆರವಿನಿಂದ ಕಳೆ ಕೀಳುವ ಉಪಾಯವನ್ನು ಗಣಕಯಂತ್ರ ಬರುವ ಮೊದಲೇ ಭತ್ತದ ರೈತರು ಕಂಡುಕೊಂಡಿದ್ದರೆಂಬುದು ಇಲ್ಲಿ ನೆನೆಯತಕ್ಕ ಸಂಗತಿ. ಗದ್ದೆಯಲ್ಲಿ ಕಾಡುಭತ್ತ ಸೇರಿಕೊಂಡರೆ ಎಳೆಯ ಪೈರಿನ ಹಂತದಲ್ಲಿ ಅದನ್ನು ಬೇರ್ಪಡಿಸುವುದು ಬಲು ಕಷ್ಟ. ಅದಕ್ಕಾಗಿ ಮಧ್ಯ ಭಾರತದ ಭತ್ತದ ಸೀಮೆಯಲ್ಲಿ ನೇರಳೆ ಎಲೆಯ ತಳಿಗಳನ್ನು ಬಿತ್ತುತ್ತಿದ್ದರು. ಪೈರು ನೇರಳೆ, ಕಾಡುಭತ್ತ ಹಸಿರು, ಹಸಿರನ್ನು ಕಿತ್ತರಾಯಿತು. ನಮ್ಮ ಕರ್ನಾಟಕದ ಡಂಬರ ಸಾಳಿಯೂ ನೇರಳೆ ಎಲೆಯ ತಳಿಯೇ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕಾಡುಭತ್ತವೂ ನಾಡಭತ್ತವೂ ಒಂದೇ ಬಳಗದವು. ಗಾಳಿಯಲ್ಲಿ ಪರಾಗ ಹಾರಿ ಅಲ್ಲಲ್ಲಿ ಸಂಕರವಾಗುತ್ತದೆ. ಸಂಕರದಿಂದ ಹುಟ್ಟಿದ ನೇರಳೆ ಕಾಡುಭತ್ತವನ್ನು ಯಾರೂ ಕೀಳಲಿಲ್ಲ. ಹೀಗೆ ಹಸಿರನ್ನು ಕಿತ್ತು ನೇರಳೆಯನ್ನು ಉಳಿಸುತ್ತ ಹೋದಂತೆ ಕೆಲವೇ ವರ್ಷಗಳಲ್ಲಿ ಕಳೆಯೂ ನೇರಳೆಯಾಯಿತು. ಕೀಳುವವನ ಕಣ್ಣನ್ನು ತಪ್ಪಿಸಿಕೊಳ್ಳುವ ಕಳೆಯೇ ಬೀಜ ಕಟ್ಟುತ್ತದೆ. ಭತ್ತದ ಪೈರಿನ ರೂಪವನ್ನೇ ತಳೆದು ಶತಮಾನಗಳಿಂದ ಗದ್ದೆಯಲ್ಲಿ ಉಳಿದುಬಂದಿರುವ ಹುಲ್ಲುಗಳಿವೆ. ಇಂಥ ಅನುಕರಣೆಯನ್ನು ರಷ್ಯದ ವಿಜ್ಞಾನಿ ನಿಕೊಲಾಯ್ ವಾವಿಲೋವ್ ಹೆಸರಿನಿಂದ ಕರೆಯುತ್ತಾರೆ. ಒಂದೇ ಲಕ್ಷಣವನ್ನು ಆಧರಿಸಿದ ಯಾವ ಉಪಾಯಕ್ಕೂ ಈ ಮಿತಿ ತಪ್ಪಿದ್ದಲ್ಲ.

ಆ ರೈತನಿಗೂ ಇಂದಿನ ಯಂತ್ರಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ರೈತನಿಗೆ ತಾನು ಬಿತ್ತಿದ್ದೇನು ಎಂದು ಗೊತ್ತಿತ್ತು. ಹೆಸರು ಮೊದಲಿತ್ತು, ಬಣ್ಣ ಅದರ ಕೈಯಾಳಾಗಿತ್ತು. ಇಂದು ಈ ಕ್ರಮವನ್ನು ತಲೆಕೆಳಗು ಮಾಡಲಾಗುತ್ತಿದೆ.

‘ಕಳೆ’ ಎಂಬುದು ಯಾರ ತೀರ್ಪು?

ಯಾವ ಸಸ್ಯಶಾಸ್ತ್ರ ಗ್ರಂಥದಲ್ಲಿಯೂ ‘ಕಳೆ’ ಎಂಬ ಪ್ರಭೇದವಿಲ್ಲ. ಅದು ಮನುಷ್ಯ ಕೊಡುವ ತೀರ್ಪು. ತೋಟದ ಮಾಲೀಕನಿಗೆ ಕಳೆಯಾದ ಒಂದೆಲಗ ಮನೆಯೊಳಗಿನ ಹೆಂಗಸಿಗೆ ಆ ದಿನದ ತಂಬುಳಿ. ಕೂಲಿಗೆ ಬಂದ ತಾಯಿಗೆ ಹೊನಗೊನ್ನೆಯೆಂದರೆ ಸಂಜೆಯ ಪಲ್ಯ. ನಾಟಿವೈದ್ಯನಿಗೆ ನೆಲನೆಲ್ಲಿ ಕಾಮಾಲೆಯ ಮದ್ದು. ಕತ್ತಿ ಹಿಡಿದು ಕಳೆ ಸವರುವವಳು ಇವುಗಳನ್ನು ಬಿಟ್ಟು ಉಳಿದುದನ್ನು ಕೊಯ್ಯಬಲ್ಲಳು. ಹಸಿರು ಕಂಡಲ್ಲೆಲ್ಲ ತೆರೆದುಕೊಳ್ಳುವ ನಳಿಕೆಗೆ ಈ ವಿವೇಚನೆ ಎಲ್ಲಿಂದ ಬರಬೇಕು?

ಇದನ್ನು ದೂರದ ಊಹೆಯೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ಜಾನ್ ಡಿಯರ್ ಕಂಪನಿ 2017ರಲ್ಲಿ, ಕ್ಯಾಮೆರಾದಿಂದ ಕಳೆ ನೋಡಿ ಸಿಂಪಡಿಸುವ ಯಂತ್ರವನ್ನು ರೂಪಿಸುತ್ತಿದ್ದ ಬ್ಲೂ ರಿವರ್ ಸಂಸ್ಥೆಯನ್ನು 30.5 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು. ‘ಯಾವುದು ಕಳೆ’ ಎಂದು ತೀರ್ಮಾನಿಸುವ ಹಕ್ಕಿಗೆ ಮಾರುಕಟ್ಟೆಯಲ್ಲಿ ಎಷ್ಟು ಬೆಲೆಯಿದೆ ಎಂಬುದಕ್ಕೆ ಇದೊಂದು ಅಳತೆಗೋಲು. ನಮ್ಮ ತೋಟಗಳಲ್ಲಿ ಕೂಲಿಯಾಳಿನ ಕೊರತೆಯಿಂದಾಗಿ ಕಳೆನಾಶಕದ ಬಳಕೆ ಆಗಲೇ ಬೇರೂರಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕವು ಗ್ಲೈಫೋಸೇಟನ್ನು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್‌ಕಾರಕವೆಂದು 2015ರಲ್ಲಿ ವರ್ಗೀಕರಿಸಿತು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು ಅದರ ಸಿಂಪರಣೆಯನ್ನು ಪರವಾನಗಿ ಪಡೆದ ಕೀಟ ನಿಯಂತ್ರಕರಿಗೆ ಮಾತ್ರ ಸೀಮಿತಗೊಳಿಸುವ ಆದೇಶ ಹೊರಡಿಸಿತು. ಇಂಥ ವಸ್ತುವಿನ ನಳಿಕೆಯನ್ನು ಮೂರು ಅಂಕಿಗಳ ಲೆಕ್ಕಕ್ಕೆ ಒಪ್ಪಿಸುವ ಮುನ್ನ, ಆ ತೋಟದ ನೀರು ಹರಿದು ಯಾವ ಬಾವಿಯನ್ನು, ಯಾವ ಹಳ್ಳವನ್ನು ಸೇರುತ್ತದೆ ಎಂದು ಕೇಳುವುದು ನಮ್ಮ ಕರ್ತವ್ಯ.

ರೋಗದ ವಿಷಯದಲ್ಲಿಯೂ ಹೀಗೆಯೇ. ಶೃಂಗೇರಿ, ಕೊಪ್ಪ, ಸುಳ್ಯ ಸೀಮೆಗಳ ಅಡಿಕೆ ಬೆಳೆಗಾರರನ್ನು ದಶಕಗಳಿಂದ ಕಾಡುತ್ತಿರುವ ಹಳದಿ ಎಲೆ ರೋಗಕ್ಕೆ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣ. ರೋಗ ಹಿಡಿದ ಮರವನ್ನು ಗುಣಪಡಿಸುವ ಔಷಧವಿಲ್ಲ. ಆದರೆ ಬುಡದಲ್ಲಿ ನೀರು ನಿಂತರೂ ಎಲೆ ಹಳದಿಯಾಗುತ್ತದೆ, ಸಾರಜನಕದ ಕೊರತೆಗೂ ಹಳದಿಯಾಗುತ್ತದೆ, ಮೆಗ್ನೀಸಿಯಂ ಕೊರತೆಗೂ ಹಳದಿಯಾಗುತ್ತದೆ. ಬಸಿಗಾಲುವೆ ತೋಡಿದರೆ ಚೇತರಿಸಿಕೊಳ್ಳುವ ಮರವೂ, ಎಂದೆಂದಿಗೂ ಚೇತರಿಸಿಕೊಳ್ಳದ ಮರವೂ ಕ್ಯಾಮೆರಾದ ಮುಂದೆ ಒಂದೇ ಹಳದಿ. ಬಣ್ಣ ನೋಡಿ ಮರ ಕಡಿಯಲು ಹೇಳುವ ಸಲಹೆ ಬಂದರೆ ಕಳೆದುಕೊಳ್ಳುವವನು ಬೆಳೆಗಾರ. ಸಲಹೆ ಕೊಟ್ಟ ಯಂತ್ರಕ್ಕೆ ನಷ್ಟವೇನೂ ಇಲ್ಲ.

ಆಕಾಶದಿಂದ ನೋಡಿದಾಗಲೂ ಅದೇ ಲೆಕ್ಕ

ವೆಬ್‌ಕ್ಯಾಮನ್ನು ಮೇಜಿನಿಂದ ಆಕಾಶಕ್ಕೆ ಏರಿಸಿದರೆ ಉಪಗ್ರಹದ ಕ್ಯಾಮೆರಾ ಆಗುತ್ತದೆ. ಅಲ್ಲಿ ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನೂ ಅಳೆಯುತ್ತಾರೆ, ತಜ್ಞರು ಕುಳಿತು ಚಿತ್ರಗಳನ್ನು ಓದುತ್ತಾರೆ, ನೆಲದ ಮೇಲೆ ಹೋಗಿ ತಾಳೆಯನ್ನೂ ನೋಡುತ್ತಾರೆ. ಆ ಶ್ರಮವನ್ನು ಅಲ್ಲಗಳೆಯುವಂತಿಲ್ಲ. ಆದರೆ ಪ್ರಶ್ನೆ ಕೇಳುವ ರೀತಿ ಮಾತ್ರ ಅದೇ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ವರದಿಗಳು ತಾವೇ ಹೇಳುವಂತೆ, ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ಜಾಗದಲ್ಲಿ ಮರಗಳ ಮೇಲ್ಛಾವಣಿ ಶೇಕಡಾ 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ‘ಅರಣ್ಯ ಹೊದಿಕೆ’. ಆ ಭೂಮಿ ಯಾರದು, ಅದರ ಬಳಕೆ ಏನು, ಅಲ್ಲಿರುವುದು ಯಾವ ಜಾತಿಯ ಮರ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಾಫಿ ತೋಟದ ನೆರಳುಮರ, ರಬ್ಬರ್, ಅಡಿಕೆ, ಅಕೇಶಿಯಾ ನೆಡುತೋಪು, ಸಾವಿರಾರು ವರ್ಷಗಳ ಕಾನು ಎಲ್ಲವೂ ಒಂದೇ ಮೊತ್ತದೊಳಗೆ. 2023ರ ವರದಿಯು ದೇಶದ ಭೂಭಾಗದ ಶೇಕಡಾ 21.76ರಷ್ಟು ಅರಣ್ಯ ಹೊದಿಕೆಯಿದೆ ಎನ್ನುವಾಗ ಆ ಅಂಕಿಯೊಳಗೆ ಇವೆಲ್ಲ ಸೇರಿವೆ.

ಕಾನು, ಸೊಪ್ಪಿನಬೆಟ್ಟ, ಬೇಣ, ಹಾಡಿ ಎಂದು ನಾವು ಬೇರೆ ಬೇರೆ ಹೆಸರಿನಿಂದ ಕರೆಯುವುದು ಅವುಗಳ ಬದುಕು ಬೇರೆ ಬೇರೆಯಾಗಿರುವುದರಿಂದ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಉಳಿದಿರುವ ರಾಂಪತ್ರೆ ಜಡ್ಡಿಯನ್ನು ಕಡಿದು ಅಕೇಶಿಯಾ ನೆಟ್ಟರೆ ಕೆಲವು ವರ್ಷಗಳ ನಂತರ ಹಸಿರಿನ ಅಂಕಿ ಸರಿದೂಗುತ್ತದೆ. ಜಡ್ಡಿಯ ನೀರು ಮಾತ್ರ ಮರಳುವುದಿಲ್ಲ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಬಳಿಯ ಸಾಲ್ಕಣಿಯ ಜನ ತಮ್ಮ ಕಾಡಿನ ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದಾಗ ಅವರು ಉಳಿಸಲು ಹೊರಟದ್ದು ಹೆಸರುಳ್ಳ ಮರಗಳನ್ನು. ಹಸಿರಿನ ಮೊತ್ತವಷ್ಟೇ ಸಾಕಾಗಿದ್ದರೆ ನೆಡುತೋಪು ಅವರಿಗೆ ಸಮಾಧಾನ ಕೊಡಬೇಕಾಗಿತ್ತು.

ಒಂದು ಆಕ್ಷೇಪಕ್ಕೆ ಉತ್ತರ

‘ಬಣ್ಣದ ಲೆಕ್ಕ ಹಳತಾಯಿತು. ಈಗ ಮೊಬೈಲ್ ಫೋನೇ ಗಿಡದ ಹೆಸರು ಹೇಳುತ್ತದೆ’ ಎಂದು ವಿದ್ಯಾರ್ಥಿಗಳು ಹೇಳುವುದುಂಟು. ಮಾತು ನಿಜ. 2011ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಲೀಫ್‌ಸ್ನ್ಯಾಪ್’ ಈ ದಾರಿಯ ಮೊದಲ ಹೆಜ್ಜೆಗಳಲ್ಲೊಂದು. ಅದರಲ್ಲಿ ಎಲೆಯನ್ನು ಹಿನ್ನೆಲೆಯಿಂದ ಬಿಡಿಸಿಕೊಳ್ಳಲು ಮಾತ್ರ ಬಣ್ಣ ಬಳಕೆಯಾಗುತ್ತಿತ್ತು. ಹೆಸರು ಹೇಳಲು ಎಲೆಯಂಚಿನ ಬಾಗುಗಳನ್ನು ಅಳೆಯುತ್ತಿದ್ದರು. ಅದಕ್ಕಾಗಿ ಬಿಳಿಯ ಹಾಳೆಯ ಮೇಲೆ ಎಲೆಯಿಟ್ಟು ಚಿತ್ರ ತೆಗೆಯಬೇಕಾಗಿತ್ತು. ಫ್ರಾನ್ಸಿನ ‘ಪ್ಲಾಂಟ್‌ನೆಟ್’ ಮೊದಲಾದವು ಲಕ್ಷಾಂತರ ಚಿತ್ರಗಳಿಂದ ಕಲಿತು ಹೆಸರು ಸೂಚಿಸುತ್ತವೆ. ಅಂದರೆ ಬಣ್ಣವೊಂದರಿಂದ ಆಗದೆಂಬುದನ್ನು ಈ ತಂತ್ರಜ್ಞರೇ ಒಪ್ಪಿಕೊಂಡಂತಾಯಿತು.

ಆದರೆ ಚಿತ್ರಗಳಿಂದ ಕಲಿಯುವ ಯಂತ್ರಕ್ಕೆ ಚಿತ್ರಗಳನ್ನೂ ಹೆಸರುಗಳನ್ನೂ ಯಾರೋ ಕೊಟ್ಟಿರಬೇಕಷ್ಟೆ. ಎಲ್ಲೆಡೆ ಬೆಳೆಯುವ ಗಿಡದ ಚಿತ್ರಗಳು ಹೇರಳ. ಒಂದು ಕಣಿವೆಯಲ್ಲಿ ಮಾತ್ರ ಬೆಳೆಯುವ ಗಿಡದ ಚಿತ್ರಗಳು ವಿರಳ. ಯಾವ ಗಿಡಕ್ಕೆ ನಮ್ಮ ರಕ್ಷಣೆ ಹೆಚ್ಚು ಬೇಕೋ ಅದನ್ನೇ ಯಂತ್ರ ತಪ್ಪಾಗಿ ಹೇಳುವ ಸಂಭವ ಹೆಚ್ಚು. ಅದು ಕೊಡುವ ಹೆಸರನ್ನು ಪರೀಕ್ಷಿಸಲು ಊರಿನಲ್ಲಿ ಗಿಡ ಬಲ್ಲವರೊಬ್ಬರು ಇರಲೇಬೇಕು. ಆ ಒಬ್ಬರು ಇಲ್ಲವಾದ ದಿನ ಯಂತ್ರದ ತಪ್ಪು ತಪ್ಪೆಂದು ಕೂಡ ಯಾರಿಗೂ ತಿಳಿಯದು.

ಹಾಗಾದರೆ ಮಾಡತಕ್ಕದ್ದೇನು?

ಯಂತ್ರವನ್ನು ಹೊರಗಟ್ಟಿರೆಂದು ನಾನು ಹೇಳುತ್ತಿಲ್ಲ. ಕೃಷಿ ವಿಜ್ಞಾನವನ್ನು ಓದಿ, ಈ ಬೆಟ್ಟಗಳಲ್ಲಿಯೇ ಬದುಕುತ್ತಿರುವವನಾಗಿ ನನ್ನ ಆಗ್ರಹ ಅದಕ್ಕೆ ತದ್ವಿರುದ್ಧ: ಪ್ರತಿಯೊಂದು ಹಳ್ಳಿಯ ಪ್ರೌಢಶಾಲೆಯಲ್ಲಿಯೂ ಈ ಪ್ರೋಗ್ರಾಂ ಬರೆಯುವುದನ್ನು ಮಕ್ಕಳು ಕಲಿಯಲಿ. ಪೈಥಾನ್ ಭಾಷೆಯೂ, ಓಪನ್‌ಸಿವಿ ಎಂಬ ಚಿತ್ರಸಂಸ್ಕರಣೆಯ ಸಾಮಗ್ರಿಯೂ ಉಚಿತವಾಗಿ ದೊರೆಯುತ್ತವೆ. ತನ್ನ ಕೈಯಾರೆ ಹಸಿರಿನ ಗೆರೆ ಎಳೆದು, ಒಂದೆಲಗ ಮತ್ತು ಯುಪಟೋರಿಯಂ ಎರಡೂ ಆ ಗೆರೆಯ ಮೇಲೆಯೇ ನಿಂತದ್ದನ್ನು ಕಂಡ ಹುಡುಗಿಯನ್ನು ಮುಂದೆ ಯಾವ ಹಸಿರು ಅಂಕಿಯೂ ಮರುಳು ಮಾಡಲಾರದು.

ಬಣ್ಣದ ಲೆಕ್ಕಕ್ಕೆ ತಕ್ಕ ಕೆಲಸಗಳೂ ನಮ್ಮಲ್ಲಿವೆ. ಬೇಸಿಗೆಯಲ್ಲಿ ಬರಿದಾದ ಗುಡ್ಡದ ಇಳಿಜಾರಿನಲ್ಲಿ ಮೊದಲ ಮಳೆಯ ನಂತರ ಎಷ್ಟು ಭಾಗ ನೆಲ ಹಸಿರಿನಿಂದ ಮುಚ್ಚಿತು, ಎಷ್ಟು ಭಾಗ ಕೊಚ್ಚಿಹೋಗುವಂತೆ ಬರಿದಾಗಿಯೇ ಉಳಿಯಿತು ಎಂಬುದನ್ನು ಅದರಿಂದ ಅಳೆಯಬಹುದು. ನರ್ಸರಿಯ ಮಡಿಯಲ್ಲಿ ಮೊಳೆತ ಸಸಿಗಳ ಹರವನ್ನು ಅಂದಾಜು ಮಾಡಬಹುದು. ಅಮೆರಿಕದಲ್ಲಿ 2008ರಲ್ಲಿ ಆರಂಭವಾದ ‘ಫಿನೊಕ್ಯಾಮ್’ ಜಾಲದಲ್ಲಿ ಕಾಡಿನತ್ತ ಮುಖಮಾಡಿ ನಿಲ್ಲಿಸಿದ ಕ್ಯಾಮೆರಾಗಳು ಪ್ರತಿದಿನ ಚಿತ್ರ ತೆಗೆದು, ಹಸಿರಿನ ಪಾಲಿನ ಏರಿಳಿತದಿಂದ ಚಿಗುರುವ ಮತ್ತು ಎಲೆಯುದುರುವ ಕಾಲವನ್ನು ದಾಖಲಿಸುತ್ತವೆ. ನಮ್ಮ ಶಾಲೆಯೊಂದರ ಕಿಟಕಿಯಲ್ಲಿ ಹಳೆಯ ವೆಬ್‌ಕ್ಯಾಮ್ ಇಟ್ಟು, ಎದುರಿನ ಒಂದು ಮಾವಿನ ಮರ ಪ್ರತಿವರ್ಷ ಯಾವ ದಿನ ತಾಮ್ರವರ್ಣಕ್ಕೆ ತಿರುಗಿ ಯಾವ ದಿನ ಹಸಿರಾಗುತ್ತದೆ ಎಂದು ಹತ್ತು ವರ್ಷ ಬರೆದಿಟ್ಟರೆ, ಬದಲಾಗುತ್ತಿರುವ ಹವಾಮಾನದ ಬಗ್ಗೆ ಅದೊಂದು ಗಟ್ಟಿ ಸಾಕ್ಷ್ಯವಾದೀತು. ಅಲ್ಲಿ ಮರದ ಹೆಸರು ನಮಗೆ ಮೊದಲೇ ಗೊತ್ತಿರುತ್ತದೆ. ಕ್ಯಾಮೆರಾ ಅದರ ಬಣ್ಣವನ್ನಷ್ಟೇ ಕಾಯುತ್ತದೆ. ಇದು ಸರಿಯಾದ ಕ್ರಮ.

ಆದ್ದರಿಂದ ವಿದ್ಯಾರ್ಥಿ ಮಿತ್ರರಲ್ಲಿ ವಿನಂತಿ: ಮುಂದಿನ ಪ್ರದರ್ಶನದ ಫಲಕದಲ್ಲಿ ‘ಮಣ್ಣಿನಿಂದ ಹಸಿರನ್ನು ಬೇರ್ಪಡಿಸುವ ಯಂತ್ರ’ ಎಂದೇ ಬರೆಯಿರಿ. ಅದರ ಪಕ್ಕದಲ್ಲಿ ಒಂದು ನೋಟ್‌ಪುಸ್ತಕ ಇಡಿ. ನಿಮ್ಮೂರಿನ ತೋಟದ ನೆಲದಲ್ಲಿ ಬೆಳೆಯುವ ಗಿಡಗಳ ಹೆಸರು, ಉಪಯೋಗ, ಹೆಸರು ಹೇಳಿಕೊಟ್ಟವರು ಯಾರು ಎಂಬುದು ಅದರಲ್ಲಿರಲಿ.

ಗ್ರಾಮಸ್ಥ ಬಂಧುಗಳಲ್ಲಿ ವಿನಂತಿ: ಕಳೆ ಗುರುತಿಸುತ್ತದೆ, ರೋಗ ಗುರುತಿಸುತ್ತದೆ ಎಂದು ಯಾವುದೇ ಯಂತ್ರವನ್ನು ಮಾರಲು ಬಂದವರನ್ನು ತೋಟದ ಕಾಲುವೆಯಂಚಿಗೆ ಕರೆದುಕೊಂಡು ಹೋಗಿ. ‘ಇದರಲ್ಲಿ ತಂಬುಳಿಯ ಸೊಪ್ಪು ಯಾವುದು, ತೋರಿಸಿ’ ಎಂದು ಕೇಳಿ. ಉತ್ತರ ಬರುವವರೆಗೆ ನಳಿಕೆ ಮುಚ್ಚಿಯೇ ಇರಲಿ.